ಟೆಲಿ ಜೂಮ್ ಕೊಳ್ಳುವ ಮುನ್ನ ಒಂದಿಷ್ಟು ಲೆಕ್ಕ

"ಕಾಕಾ, ಆರ್‌ನೂರರ ಲೆನ್ಸ್ ತಗೊಂಡ್ರ ಚಂದ್ರನ ಮ್ಯಾಲಿನ ತಗ್ಗು ಸೈತ ಕಾಣ್ತಾವಂತ, ಖರೇನ?"

ಹುಬ್ಬಳ್ಳಿಯ ಗೋಕುಲ ರಸ್ತೆಯ ನಮ್ಮ ಓಣಿಯಲ್ಲಿ ಪಕ್ಕದ ಮನೆಯ ಹುಡುಗ ಕೇಳಿದ ಪ್ರಶ್ನೆ. ಮೊದಲ ಸಂಬಳ ಕೂಡಿಟ್ಟು ಕ್ಯಾಮೆರಾ ಕೊಂಡವನು. ಜೊತೆಗೆ ಬಂದ 18–55 ಲೆನ್ಸಿನಲ್ಲಿ ಮೂರು ತಿಂಗಳು ಮನೆಯ ಬೆಕ್ಕು, ಅವ್ವನ ರಂಗೋಲಿ, ಗೆಳೆಯರ ಬೈಕು ಎಲ್ಲ ತೆಗೆದು ಮುಗಿದಿತ್ತು. ತಂತಿಯ ಮೇಲೆ ಕೂತ ಹದ್ದು ಮಾತ್ರ ಎಷ್ಟು ಸಲ ತೆಗೆದರೂ ಕರಿ ಚುಕ್ಕೆ. ಈಗ ಟೆಲಿ ಬೇಕು.

ತಗ್ಗು ಕಾಣುವುದು ಖರೆ. ಆದರೆ ಅದಕ್ಕೆ 600 ಬೇಕಿಲ್ಲ, 300ರಲ್ಲೂ ಕಾಣುತ್ತವೆ. ಸೆನ್ಸರಿನ ಮೇಲೆ ಬೀಳುವ ಚಂದ್ರಬಿಂಬದ ಅಗಲ ಫೋಕಲ್ ಲೆಂತ್‌ನ ಸುಮಾರು 110ರಲ್ಲಿ ಒಂದು ಪಾಲು. 300 ಮಿ.ಮೀ. ಲೆನ್ಸಿನಲ್ಲಿ 2.7 ಮಿ.ಮೀ., 600ರಲ್ಲಿ 5.5 ಮಿ.ಮೀ. ನಮ್ಮಂಥವರ ಕೈಯಲ್ಲಿರುವ ಎಪಿಎಸ್-ಸಿ ಸೆನ್ಸರಿನ ಎತ್ತರ ಹೆಚ್ಚುಕಡಿಮೆ 15.6 ಮಿ.ಮೀ. ಅಂದರೆ 300ರಲ್ಲಿ ಚಂದ್ರ ಚೌಕಟ್ಟಿನ ಆರನೇ ಒಂದು ಪಾಲು, 600ರಲ್ಲಿ ಮೂರನೇ ಒಂದು ಪಾಲು. ತಗ್ಗು ಎದ್ದು ಕಾಣಬೇಕಾದರೆ ಫೋಕಲ್ ಲೆಂತ್‌ಗಿಂತ ತಿಥಿ ಮುಖ್ಯ. ಹುಣ್ಣಿಮೆಯ ಚಂದ್ರನ ಮೇಲೆ ಬೆಳಕು ಎದುರಿನಿಂದ ಬೀಳುವುದರಿಂದ ಎಲ್ಲ ಚಪ್ಪಟೆ. ಅಷ್ಟಮಿಯ ಆಚೀಚೆ ಬಿಸಿಲು ಅಡ್ಡಡ್ಡ ಬಿದ್ದು ಪ್ರತಿ ತಗ್ಗಿಗೂ ನೆರಳು ಬರುತ್ತದೆ. ಐಎಸ್‌ಒ 400, ಎಫ್ 8, ಶಟರ್ 1/250ರಿಂದ ಶುರು ಮಾಡಿ, ಹೆಚ್ಚುಕಡಿಮೆ ಮಾಡಿಕೊಳ್ಳಿ.

ಹುಡುಗನಿಗೆ ಇದನ್ನು ಹೇಳಿದಾಗ ಅವನ ಮುಖ ಸಣ್ಣದಾಯಿತು. 600 ಬೇಕು ಎಂಬ ಆಸೆಗೆ ಚಂದ್ರ ಒಂದು ನೆಪ, ಅಷ್ಟೆ. ಆ ಆಸೆ ನನಗೂ ಗೊತ್ತು.

ಲೆನ್ಸ್ ಆರಿಸುವಾಗ ಎಲ್ಲರೂ ಕೇಳುವ ಪ್ರಶ್ನೆ "ಎಷ್ಟು ದೂರ ಹೊಡೀತದ?" ಕೇಳಬೇಕಾದದ್ದು ಬೇರೆ: ನಾನು ತೆಗೆಯುವುದು ಎಷ್ಟು ದೊಡ್ಡದು, ನನ್ನಿಂದ ಎಷ್ಟು ದೂರದಲ್ಲಿರುತ್ತದೆ, ಆ ಹೊತ್ತಿಗೆ ಬೆಳಕು ಎಷ್ಟಿರುತ್ತದೆ? ಮೊದಲ ಎರಡಕ್ಕೆ ಒಂದು ಸಾದಾ ಲೆಕ್ಕವಿದೆ. ಸೆನ್ಸರಿನ ಅಗಲವನ್ನು ಮಿಲಿಮೀಟರಿನಲ್ಲಿ ತಗೊಳ್ಳಿ. ನಿಕಾನ್, ಸೋನಿ, ಫ್ಯೂಜಿಯ ಎಪಿಎಸ್-ಸಿ ಆದರೆ 23.5, ಕ್ಯಾನನ್ನಿನದು 22.3, ಫುಲ್ ಫ್ರೇಮ್ ಆದರೆ 36. ಅದನ್ನು ದೂರದ ಮೀಟರಿನಿಂದ ಗುಣಿಸಿ, ಫೋಕಲ್ ಲೆಂತ್‌ನಿಂದ ಭಾಗಿಸಿ. ಬರುವುದು ಚೌಕಟ್ಟಿನಲ್ಲಿ ಎಷ್ಟು ಮೀಟರ್ ಅಗಲ ಹಿಡಿಸುತ್ತದೆ ಎಂಬ ಉತ್ತರ.

ತೋಳನಕೆರೆಯ ದಂಡೆಯಲ್ಲಿ ನಿಂತಿದ್ದೀರಿ. ಮೂವತ್ತು ಮೀಟರ್ ಆಚೆ ಕೊಂಬೆಯ ಮೇಲೆ ಮಿಂಚುಳ್ಳಿ. ಲೆನ್ಸ್ 300. ಚೌಕಟ್ಟಿನ ಅಗಲ 2.35 ಮೀಟರ್. ಮಿಂಚುಳ್ಳಿಯ ಉದ್ದ ಗೇಣಿಗಿಂತ ಕೊಂಚ ಕಡಿಮೆ, ಸುಮಾರು 17 ಸೆಂ.ಮೀ. ಅಂದರೆ ಚಿತ್ರದ ಹದಿನಾಲ್ಕನೇ ಒಂದು ಪಾಲು. 600 ಹಾಕಿದರೆ ಏಳನೇ ಒಂದು ಪಾಲು. ಇನ್ನೊಂದು ದಾರಿಯೂ ಇದೆ. ಅದೇ 300 ಹಿಡಿದು, ಬೆಳಿಗ್ಗೆ ಬೇಗ ಹೋಗಿ, ಅದು ದಿನಾ ಬಂದು ಕೂರುವ ಕೊಂಬೆ ಯಾವುದೆಂದು ನೋಡಿಟ್ಟುಕೊಂಡು, ಹತ್ತು ಮೀಟರಿನಲ್ಲಿ ಸುಮ್ಮನೆ ಕೂತರೆ ಹಕ್ಕಿ ಚೌಕಟ್ಟಿನ ಐದನೇ ಒಂದು ಪಾಲಿಗಿಂತ ಹೆಚ್ಚು ತುಂಬುತ್ತದೆ. ಇಪ್ಪತ್ತು ಮೀಟರ್ ಹತ್ತಿರ ಹೋಗುವುದು ಫೋಕಲ್ ಲೆಂತ್ ದುಪ್ಪಟ್ಟು ಮಾಡುವುದಕ್ಕಿಂತ ಹೆಚ್ಚಿನ ಲಾಭ, ಖರ್ಚು ಮಾತ್ರ ಒಂದು ಗಂಟೆ ತಾಳ್ಮೆ.

ಗೋಕುಲ ರಸ್ತೆಯ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನದ ಲೆಕ್ಕ ನೋಡಿದರೆ ನಗು ಬರುತ್ತದೆ. ಎಟಿಆರ್-72ರ ಉದ್ದ ಸುಮಾರು 27 ಮೀಟರ್. 400 ಮೀಟರ್ ದೂರದಲ್ಲಿ 300 ಲೆನ್ಸಿಗೆ ಹಿಡಿಸುವುದು 31 ಮೀಟರ್. ಇಡೀ ವಿಮಾನ ತಾನೇತಾನಾಗಿ ತುಂಬಿಕೊಳ್ಳುತ್ತದೆ, 600 ತಂದವನು ಬಾಲವನ್ನೋ ಮೂತಿಯನ್ನೋ ಆರಿಸಿಕೊಳ್ಳಬೇಕು. (ನಿಲ್ದಾಣದ ಗೋಡೆಯ ಬಳಿ ನಿಂತು ತೆಗೆಯಬೇಡಿ, ಭದ್ರತೆಯವರು ಕೇಳಿದರೆ ಮರುಮಾತಿಲ್ಲದೆ ಕ್ಯಾಮೆರಾ ಇಳಿಸಿ.) ರಾಜನಗರದ ಕ್ರಿಕೆಟ್ ಮೈದಾನದಲ್ಲಿ ರಣಜಿ ಪಂದ್ಯ ನಡೆದಾಗ ಗ್ಯಾಲರಿಯಿಂದ ಬ್ಯಾಟ್ಸ್‌ಮನ್ 80 ಮೀಟರ್ ಇದ್ದಾನೆಂದುಕೊಳ್ಳಿ. 300ರಲ್ಲಿ ಅವನು ಚೌಕಟ್ಟಿನ ಎತ್ತರದ ಐದರಲ್ಲಿ ಎರಡು ಪಾಲು ನಿಲ್ಲುತ್ತಾನೆ. ಪೇಪರಿನವರಿಗೆ ಸಾಲದು, ನಮಗೆ ಸಾಕು.

ಹಾಗಾದರೆ 600 ಯಾರಿಗೆ? ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ತೆಗೆಯುವವರಿಗೆ. ಸುಮಾರು 54 ಹೆಕ್ಟೇರಿನ ಈ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿ ಸೇರಿತು. ಹಗಲಲ್ಲಿ ಬಾತುಗಳು ನೀರಿನ ನಡುವೆ ಗುಂಪುಗಟ್ಟಿ ಕೂರುತ್ತವೆ, ಹತ್ತಿರ ಹೋಗುವ ಮಾತೇ ಇಲ್ಲ, ಹೋಗಲೂ ಬಾರದು. ನೂರು ಮೀಟರ್ ದೂರದ ಹೆಬ್ಬಾತು 600ರಲ್ಲಿ ಚೌಕಟ್ಟಿನ ಐದನೇ ಒಂದು ಪಾಲು. ಇಲ್ಲಿ ತಾಳ್ಮೆ ದೂರವನ್ನು ಕಡಿಮೆ ಮಾಡುವುದಿಲ್ಲ, ಲೆನ್ಸೇ ಮಾಡಬೇಕು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ್ದೂ ಅದೇ ಕಥೆ. ನಮ್ಮ ಕಡೆ ಕೃಷ್ಣಮೃಗಕ್ಕೆ ಚಿಗರಿ ಎನ್ನುತ್ತಾರೆ, ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ ಬಸ್ಸಿಗೂ ಅದೇ ಹೆಸರು. ಬಸ್ಸಿನ ಚಿಗರಿ ನಿಲ್ದಾಣದಲ್ಲಿ ನಿಲ್ಲುತ್ತದೆ, ಬಯಲಿನ ಚಿಗರಿ ನಿಲ್ಲುವುದಿಲ್ಲ.

ಗಣೇಶಗುಡಿಯ ಹಳೇ ಮ್ಯಾಗಜಿನ್ ಹೌಸಿನಲ್ಲಿ ಲೆಕ್ಕ ಮತ್ತೆ ಉಲ್ಟಾ. ಅಲ್ಲಿ ಹಕ್ಕಿಗಳು ನೀರಿನ ತೊಟ್ಟಿಗೆ ಮೀಯಲು ಬರುತ್ತವೆ, ಮರೆಯಲ್ಲಿ ಕೂತವರಿಗೆ ನಾಲ್ಕೈದು ಮೀಟರಿನಲ್ಲೇ ಸಿಗುತ್ತವೆ. ಸಿಗ್ಮಾದ 150–600 ಕಂಟೆಂಪೊರರಿ ಲೆನ್ಸ್ 2.8 ಮೀಟರಿಗಿಂತ ಹತ್ತಿರದ್ದಕ್ಕೆ ಫೋಕಸ್ ಆಗುವುದಿಲ್ಲ, ಹಕ್ಕಿ ಕಾಲ ಬುಡಕ್ಕೆ ಬಂದರೆ ಲಕ್ಷದ ಹತ್ತಿರದ ಲೆನ್ಸ್ ಹಿಡಿದವನು ಬರಿಗಣ್ಣಲ್ಲಿ ನೋಡಬೇಕು. ಕ್ಯಾನನ್ನಿನ ಆರ್‌ಎಫ್ 100–400 ಒಂದು ಮೀಟರಿನ ಆಸುಪಾಸಿನಲ್ಲೂ ಫೋಕಸ್ ಆಗಿ, ಚಿಟ್ಟೆಯನ್ನು ಅದರ ನಿಜಗಾತ್ರದ 0.41 ಪಾಲಿನಷ್ಟು ಸೆನ್ಸರಿನ ಮೇಲೆ ಇಳಿಸುತ್ತದೆ. ಲೆನ್ಸಿನ ಪೆಟ್ಟಿಗೆಯ ಮೇಲೆ ಯಾರೂ ಓದದ ಸಂಖ್ಯೆ ಈ ಕನಿಷ್ಠ ಫೋಕಸ್ ದೂರ. ಚಿಟ್ಟೆ, ಹೂವು, ಓತಿಕ್ಯಾತ ತೆಗೆಯುವವರು ಮೊದಲು ಅದನ್ನೇ ಓದಬೇಕು.

ದುಡ್ಡು ಹಾಕುವ ಮೊದಲು ಪುಕ್ಕಟೆ ಪರೀಕ್ಷೆಯೊಂದಿದೆ. ಕೈಯಲ್ಲಿರುವ 18–55ರ 55ರಲ್ಲಿ ನಿಮ್ಮ ಹಕ್ಕಿಯನ್ನೋ ಮೈದಾನವನ್ನೋ ವೇದಿಕೆಯನ್ನೋ ತೆಗೆಯಿರಿ. ಕಂಪ್ಯೂಟರಿನಲ್ಲಿ ಅದರ ಅಗಲದ ಐದನೇ ಒಂದು ಪಾಲನ್ನು ಕತ್ತರಿಸಿ ನೋಡಿ. ಅದು 275ರಲ್ಲಿ ಸಿಗುವ ಚೌಕಟ್ಟು. ಚಿತ್ರ ಒಡೆದು ಕಾಣುತ್ತದೆ, ಪರವಾಗಿಲ್ಲ, ನೋಡಬೇಕಾದದ್ದು ಅಳತೆ. ಅಷ್ಟು ಸಾಕೆನಿಸಿದರೆ 600ರ ಮಾತು ಅಲ್ಲಿಗೇ ಬಿಡಿ.

ಇನ್ನು ಬೆಳಕು. ಕುಂದಗೋಳದಲ್ಲಿ ಸವಾಯಿ ಗಂಧರ್ವರ ನೆನಪಿನ ಸಂಗೀತೋತ್ಸವಕ್ಕೆ ಹೋಗುವವರು ಇದನ್ನು ಬಲ್ಲರು. ಎಫ್ 2.8ರಲ್ಲಿ ಐಎಸ್‌ಒ 1600 ಸಾಕಾಗುವ ಕಡೆ ಎಫ್ 6.3ಕ್ಕೆ 8000 ಬೇಕು. ಗಾಯಕರ ಮುಖದ ಮೇಲೆ ಉಪ್ಪಿಟ್ಟಿನ ರವೆ ಚೆಲ್ಲಿದಂತೆ ಕಾಳುಕಾಳು. ವೇದಿಕೆ, ನಾಟಕ, ಮದುವೆ ತೆಗೆಯುವವರಿಗೆ 70–200 ಎಫ್ 2.8 ಎಂಬುದು ಸುಮ್ಮನೆ ಹುಟ್ಟಿದ ಮಾತಲ್ಲ. ಹೊಸದರ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಆದರೆ ಮದುವೆ ಫೋಟೊದವರು ಇದನ್ನೇ ದುಡಿಸಿಕೊಳ್ಳುವುದರಿಂದ ದಿನದ ಬಾಡಿಗೆಗೆ ಸಿಗುವ ಲೆನ್ಸೂ ಇದೇ. ವರ್ಷಕ್ಕೆ ಎರಡು ಕಛೇರಿ ತೆಗೆಯುವವರು ಬಾಡಿಗೆಗೆ ತಂದರೆ ಸಾಕು.

ಕೈ ನಡುಕ ತಡೆಯುವ ವ್ಯವಸ್ಥೆಗೆ ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ. ಕ್ಯಾನನ್ ಐಎಸ್, ನಿಕಾನ್ ವಿಆರ್, ಸೋನಿ ಒಎಸ್‌ಎಸ್, ಸಿಗ್ಮಾ ಒಎಸ್, ಟ್ಯಾಮ್ರಾನ್ ವಿಸಿ. ನಾನು ಮುಗ್ಗರಿಸಿದ್ದು ಇಲ್ಲೇ. ಮೊದಲ ಟೆಲಿ ಕೊಂಡಾಗ ಬೆಲೆ ಕಡಿಮೆ ಇದ್ದದ್ದನ್ನು ಕಂಡು ಹಿಗ್ಗಿ ತಂದೆ. ಮನೆಗೆ ಬಂದು ತೆಗೆದದ್ದೆಲ್ಲ ಅಲುಗಾಡಿದ ಚಿತ್ರ. ವಾರ ಕಳೆದ ಮೇಲೆ ಗೊತ್ತಾಯಿತು, ಆ ಲೆನ್ಸಿನ ಹೆಸರಿನಲ್ಲಿ ಇರಬೇಕಾದ ಎರಡಕ್ಷರ ಇರಲೇ ಇಲ್ಲ. ಅಂಗಡಿಯವರು ಸುಳ್ಳು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ನಿಕಾನ್‌ನ ಎಎಫ್-ಪಿ ಡಿಎಕ್ಸ್ 70–300 ನೋಡಲು ಅವಳಿ ಮಕ್ಕಳಂತೆ ಎರಡಿವೆ, ಒಂದಕ್ಕೆ ವಿಆರ್ ಇದೆ, ಇನ್ನೊಂದಕ್ಕಿಲ್ಲ. ಕ್ಯಾನನ್‌ನ ಹಳೆಯ ಇಎಫ್ 75–300 III ಲೆನ್ಸಿಗೂ ಐಎಸ್ ಇಲ್ಲ, ಅದರ ಬದಲು ಇಎಫ್-ಎಸ್ 55–250 ಐಎಸ್ ಎಸ್‌ಟಿಎಂ ತಗೊಂಡವರು ಪಶ್ಚಾತ್ತಾಪ ಪಡುವುದಿಲ್ಲ. 375 ಗ್ರಾಂ ತೂಕ, ಚಿತ್ರ ಚುರುಕು. ಬಾಡಿಯೊಳಗೇ ನಡುಕ ತಡೆಯುವ ವ್ಯವಸ್ಥೆ ಇದ್ದವರಿಗೆ ಈ ಚಿಂತೆ ಕಡಿಮೆ. ಆದರೆ ಒಂದು ನೆನಪಿಡಿ, ಇದು ತಡೆಯುವುದು ನಿಮ್ಮ ಕೈಯ ನಡುಕವನ್ನು, ಹಕ್ಕಿಯ ರೆಕ್ಕೆಯನ್ನಲ್ಲ. ಹಾರುವ ಹಕ್ಕಿಗೆ ಶಟರ್ 1/2000ದ ಹತ್ತಿರ ಬೇಕೇ ಬೇಕು.

ನಿಕಾನ್ ಡಿಎಸ್‌ಎಲ್‌ಆರ್ ಇದ್ದವರಿಗೆ ಮತ್ತೊಂದು ಕಿವಿಮಾತು. ಡಿ3000, ಡಿ5000 ಸಾಲಿನ ಬಾಡಿಗಳೊಳಗೆ ಫೋಕಸ್ ಮೋಟಾರ್ ಇಲ್ಲ, ಹಳೆಯ ಎಎಫ್-ಡಿ ಲೆನ್ಸ್ ಹಾಕಿದರೆ ಕೈಯಿಂದಲೇ ಫೋಕಸ್ ತಿರುಗಿಸಬೇಕು. ತಿರುಗಿ, ಹೊಸ ಎಎಫ್-ಪಿ ಲೆನ್ಸ್ ಡಿ90, ಡಿ7000ನಂಥ ಹಳೆಯ ಬಾಡಿಯಲ್ಲಿ ಫೋಕಸ್ ಆಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಎಡವುವುದು ಇಲ್ಲಿಯೇ. ಕ್ಯಾನನ್‌ನ ಇಎಫ್ ಲೆನ್ಸುಗಳು ಅಡಾಪ್ಟರ್ ಹಾಕಿದರೆ ಹೊಸ ಆರ್ ಸಾಲಿನ ಮಿರರ್‌ಲೆಸ್ ಬಾಡಿಗಳಲ್ಲಿ ಚೆನ್ನಾಗಿ ನಡೆಯುತ್ತವೆ. ಜನ ಮಿರರ್‌ಲೆಸ್‌ಗೆ ಹೋಗುತ್ತಿರುವುದರಿಂದ ಡಿಎಸ್‌ಎಲ್‌ಆರ್ ಕಾಲದ ಒಳ್ಳೆಯ ಲೆನ್ಸುಗಳು ಈಗ ಅಗ್ಗಕ್ಕೆ ಬರುತ್ತಿವೆ. ಹವ್ಯಾಸಿಗಳಿಗೆ ಇದು ಸುಗ್ಗಿ ಎಂದೇ ನನ್ನ ಲೆಕ್ಕ. ನಿಕಾನ್‌ನ 200–500 ಎಫ್ 5.6 ಈ ಸುಗ್ಗಿಯ ಒಳ್ಳೆಯ ಕಾಳು, ಎತ್ತುವ ತಾಕತ್ತಿದ್ದರೆ. 2.3 ಕಿಲೋ ಅದು.

ತೂಕದ ಮಾತು ಹಗುರವಾಗಿ ತಗೊಳ್ಳಬೇಡಿ. ಸೋನಿಯ 200–600 ಎರಡು ಕಿಲೋ ದಾಟುತ್ತದೆ, ಅದೇ ಕಂಪನಿಯ ಎಪಿಎಸ್-ಸಿ 70–350 ಬರೀ 625 ಗ್ರಾಂ. ಎರಡು ಕಿಲೋ ಜೋಳದ ಚೀಲವನ್ನು ಎದೆಯೆತ್ತರಕ್ಕೆ ಹಿಡಿದು ಐದು ನಿಮಿಷ ನಿಲ್ಲಿ, ಉತ್ತರ ತೋಳೇ ಹೇಳುತ್ತದೆ. ದೊಡ್ಡ ಲೆನ್ಸ್ ಕೊಂಡ ಎಷ್ಟೋ ಜನ ಮೊದಲ ಆರು ತಿಂಗಳ ಮೇಲೆ ಅದನ್ನು ಕಪಾಟಿನಿಂದ ಹೊರತೆಗೆದಿಲ್ಲ. ನಮ್ಮಲ್ಲಿ ಹೆಚ್ಚಿನವರ ತಿರುಗಾಟ ದ್ವಿಚಕ್ರದ ಮೇಲೆ. ಸ್ಕೂಟರಿನ ಸೀಟಿನಡಿಯ ಡಿಕ್ಕಿಯಲ್ಲಿ ಲೆನ್ಸ್ ಇಡಬೇಡಿ. ಕಾವು ಒಂದು ಕಡೆ, ನಮ್ಮ ರಸ್ತೆಗಳ ಕುಲುಕಾಟ ಇನ್ನೊಂದು ಕಡೆ. ಬೆನ್ನಿಗೆ ಹಾಕಿಕೊಂಡರೆ ಗುಂಡಿಯ ಪೆಟ್ಟನ್ನು ನಿಮ್ಮ ಸೊಂಟ ತಿನ್ನುತ್ತದೆ, ಲೆನ್ಸ್ ಉಳಿಯುತ್ತದೆ. ಕಾರಿನ ಕಿಟಕಿಯ ಮೇಲೆ ಊರಲು ಬೀನ್ ಬ್ಯಾಗ್ ಬೇಕೆಂದರೆ ಹಳೆಯ ಜೀನ್ಸ್ ಪ್ಯಾಂಟಿನ ಕಾಲಿಗೆ ಜೋಳ ತುಂಬಿ ಎರಡೂ ಕಡೆ ಹೊಲಿಯಿರಿ. ವರ್ಷಕ್ಕೊಮ್ಮೆ ಬದಲಿಸಿ, ಇಲ್ಲದಿದ್ದರೆ ನುಸಿ ಹಿಡಿಯುತ್ತದೆ.

ಈಗ ಅಂಗಡಿಗೆ ಹೋಗೋಣ. ಕೌಂಟರಿನ ಮುಂದೆ ನಿಂತು ಟ್ಯೂಬ್‌ಲೈಟಿನ ಕೆಳಗೆ ಕ್ಲಿಕ್ ಮಾಡಿದರೆ ಏನೂ ಗೊತ್ತಾಗುವುದಿಲ್ಲ. "ಸರ, ಒಂದ್ ಹತ್ತ್ ನಿಮಿಷ ಹೊರಗ ತಗೊಂಡ್ ಹೋಗಿ ನೋಡ್ತೀನ್ರಿ" ಎಂದು ಕೇಳಿ. ಗುರುತಿನ ಚೀಟಿ ಇಟ್ಟುಕೊಂಡಾದರೂ ಕೊಡುತ್ತಾರೆ, ಒಬ್ಬ ಹುಡುಗನನ್ನು ಜೊತೆಗೆ ಕಳಿಸುತ್ತಾರೆ. ಗೋಕುಲ ರಸ್ತೆಗಿಂತ ಒಳ್ಳೆಯ ಪ್ರಯೋಗಶಾಲೆ ಬೇಕಿಲ್ಲ.

ಮೊದಲು ದೂರದ ಒಂದು ಬೋರ್ಡು ಆರಿಸಿಕೊಳ್ಳಿ, ಕನ್ನಡದ್ದೇ ಇರಲಿ. ಇಂಗ್ಲಿಷ್ ದಪ್ಪಕ್ಷರ ಸಾಧಾರಣ ಲೆನ್ಸಿಗೂ ಓದಲು ಬರುತ್ತದೆ, ನಮ್ಮ ಒತ್ತಕ್ಷರ ಬರುವುದಿಲ್ಲ. "ಹುಬ್ಬಳ್ಳಿ" ಎಂದು ಬರೆದ ಬೋರ್ಡಿನ ಮೇಲೆ ಅತಿ ಉದ್ದದ ಫೋಕಲ್ ಲೆಂತ್‌ನಲ್ಲಿ, ಅಪರ್ಚರ್ ಪೂರ್ತಿ ತೆರೆದು, ಶಟರ್ 1/1000 ಇಟ್ಟು ಒಂದು ತೆಗೆಯಿರಿ. ಕ್ಯಾಮೆರಾದ ಪರದೆಯಲ್ಲಿ ಪೂರ್ತಿ ಹಿಗ್ಗಿಸಿ. ಬ-ಒತ್ತು, ಳ-ಒತ್ತುಗಳ ಸುರುಳಿಯೊಳಗಿನ ಸಣ್ಣ ಖಾಲಿ ಜಾಗ ಬಿಡಿಬಿಡಿಯಾಗಿ ಕಾಣುತ್ತದೆಯೇ? ಮೇಲಿನ ಗುಡಿಸು ಕವಲೊಡೆದು ನೇರಳೆ ಅಂಚು ಬಂದಿದೆಯೇ? ಈಗ ಎಫ್ 8ಕ್ಕೆ ಇಳಿಸಿ ಇನ್ನೊಂದು. ಅಗ್ಗದ ಟೆಲಿಗಳು 300ರ ತುದಿಯಲ್ಲಿ ಮೆತ್ತಗಾಗುವುದು ಸಹಜ, ಎಫ್ 8ರಲ್ಲಿ ಚುರುಕಾದರೆ ಒಪ್ಪಬಹುದು. ಆಮೇಲೆ ಅದೇ ಬೋರ್ಡನ್ನು ಚೌಕಟ್ಟಿನ ಎಡ ಮೂಲೆಗೆ, ಬಲ ಮೂಲೆಗೆ ಇಟ್ಟು ತೆಗೆಯಿರಿ. ಒಂದು ಮೂಲೆ ಚೊಕ್ಕ, ಇನ್ನೊಂದು ಮಸುಕು ಎಂದಾದರೆ ಒಳಗಿನ ಗಾಜು ಓರೆಯಾಗಿದೆ. ಅದೇ ಮಾಡೆಲಿನ ಬೇರೆ ಪೀಸು ಕೇಳಿ.

ಎರಡನೆಯದು ಬಸ್ಸು. ಹೊಸೂರು ಕಡೆಯಿಂದ ಎದುರಿಗೆ ಬರುವ ಬಸ್ಸಿನ ಬೋರ್ಡಿನ ಮೇಲೆ ಫೋಕಸ್ ಇಟ್ಟು, ನಿರಂತರ ಫೋಕಸ್ಸಿನಲ್ಲಿ ಹತ್ತು ಚಿತ್ರ ಒಂದೇ ಸಮನೆ. ಆರೇಳರಲ್ಲಿ ಊರಿನ ಹೆಸರು ಓದಲು ಬಂದರೆ ಹಾರುವ ಬೆಳ್ಳಕ್ಕಿಯನ್ನೂ ಈ ಲೆನ್ಸ್ ಹಿಡಿದೀತು. ಎರಡೇ ಬಂದರೆ ಕೂತ ಹಕ್ಕಿಗೆ ಮಾತ್ರ ಸರಿ. ಕಾಲುದಾರಿಯ ಮೇಲೆ ನಿಂತು ತೆಗೆಯಿರಿ, ಲೆನ್ಸಿನಲ್ಲಿ ಬಸ್ಸು ಇನ್ನೂ ದೂರ ಇದ್ದಂತೆ ಕಾಣುವುದಿಲ್ಲ, ಬಂದೇಬಿಟ್ಟಂತೆ ಕಾಣುತ್ತದೆ. ಕಣ್ಣು ತೆಗೆದು ನೋಡುವ ಹೊತ್ತಿಗೆ ಹಿಂದಿನಿಂದ ಆಟೊ ಬಂದಿರುತ್ತದೆ.

ಮೂರನೆಯದು ಕೈ ನಡುಕ. 300ಕ್ಕೆ ಇಟ್ಟು, ಶಟರ್ 1/60ರಲ್ಲಿ ನಿಂತ ವಸ್ತುವಿನ ಹತ್ತು ಚಿತ್ರ. ಐದಾದರೂ ಚುರುಕಾಗಿರಬೇಕು. ಕೊನೆಗೆ ಲೆನ್ಸನ್ನು ನೆಲಕ್ಕೆ ಮುಖ ಮಾಡಿ ಹಿಡಿಯಿರಿ. ಕೊಳವೆ ತಾನಾಗಿ ಜಾರಿ ಉದ್ದವಾದರೆ ಹಳೆಯ ಲೆನ್ಸಿನ ಬಿಗಿ ಹೋಗಿದೆ, ಬೆಲೆ ಇಳಿಸಿ ಎನ್ನಲು ಒಂದು ಕಾರಣ.

ಸೆಕೆಂಡ್ ಹ್ಯಾಂಡ್ ಆದರೆ ಮೊಬೈಲಿನ ಟಾರ್ಚನ್ನು ಹಿಂದಿನಿಂದ ಹಾಯಿಸಿ ಮುಂದಿನಿಂದ ಇಣುಕಿ. ಧೂಳಿನ ಕಣ ನಾಲ್ಕಿದ್ದರೆ ಚಿಂತೆಯಿಲ್ಲ. ಹುಬ್ಬಳ್ಳಿಯಲ್ಲಿ ಬಳಸಿದ ಲೆನ್ಸಿನಲ್ಲಿ ಧೂಳಿಲ್ಲ ಎಂದರೆ ಅದನ್ನು ಬಳಸಿಯೇ ಇಲ್ಲವೆಂದು ಅರ್ಥ. ಜೇಡನ ಬಲೆಯಂತೆ ಬಿಳಿ ಎಳೆ ಕಂಡರೆ ಅದು ಫಂಗಸ್, ಎಷ್ಟು ಅಗ್ಗವಾದರೂ ಬೇಡ. ಹೊಸ ಲೆನ್ಸಿಗೂ ಮಳೆಗಾಲದಲ್ಲಿ ಈ ಗತಿ ಬರಬಹುದು. ಚರ್ಮದ ಚೀಲ, ಬಟ್ಟೆಯ ಕಪಾಟು ಎರಡೂ ತೇವ ಹಿಡಿಯುತ್ತವೆ. ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಒಂದು ಪುಟ್ಟ ತೇವಮಾಪಕ. ಮುಳ್ಳು 40ರಿಂದ 50ರ ನಡುವೆ ಇದ್ದರೆ ಸಾಕು. ಅಕ್ಕಿಯ ಡಬ್ಬಿಯಲ್ಲಿ ಹೂತಿಡುವ ಮನೆಮದ್ದು ಬೇಡ, ಅಕ್ಕಿಯ ಹಿಟ್ಟೇ ಲೆನ್ಸಿನೊಳಗೆ ಹೋಗುತ್ತದೆ. ಅಂಗಡಿಯಲ್ಲಿ ಲೆನ್ಸಿನ ಜೊತೆ ದಾಟಿಸುವ ಅಗ್ಗದ ಯುವಿ ಫಿಲ್ಟರ್ ಕೂಡ ಬೇಡ. ಟೆಲಿಯ ಚುರುಕನ್ನು ಅದೇ ಕೊಲ್ಲುತ್ತದೆ. ಹುಡ್ ಹಾಕಿಕೊಳ್ಳಿ.

600 ಕೊಂಡೇ ತೀರುತ್ತೇನೆ ಎನ್ನುವವರಿಗೆ ಬಯಲುಸೀಮೆಯ ಒಂದು ಸತ್ಯ ಗೊತ್ತಿರಲಿ. ಬೆಳಿಗ್ಗೆ ಹತ್ತರ ಮೇಲೆ ಎರಿ ಹೊಲದ ಕಾವು ಏಳತೊಡಗಿದರೆ ನೂರು ಮೀಟರ್ ಆಚೆಯದೆಲ್ಲ ನೀರಿನೊಳಗಿದ್ದಂತೆ ಕುಣಿಯುತ್ತದೆ. ಬಿಸಿಲ್ಗುದುರೆಗೆ ಲಕ್ಷದ ಲೆನ್ಸೂ ಒಂದೇ, ಹತ್ತು ಸಾವಿರದ್ದೂ ಒಂದೇ. ರಾಣೆಬೆನ್ನೂರಿನಲ್ಲಿ ನಡುಮಧ್ಯಾಹ್ನ ತೆಗೆದ ಚಿಗರಿಯ ಚಿತ್ರ ಮಸುಕಾಗಿದ್ದರೆ ಲೆನ್ಸಿಗೆ ಬೈಯಬೇಡಿ. ಬೆಳಗಿನ ಎರಡು ತಾಸು ಅಲ್ಲಿರಿ. ಹಾಗೆಯೇ ಎಫ್ 6.3ರ ಜೂಮ್‌ಗೆ ಟೆಲಿಕನ್ವರ್ಟರ್ ಸಿಕ್ಕಿಸುವ ಯೋಚನೆ ಬಿಡಿ. 1.4ರದ್ದು ಒಂದು ಸ್ಟಾಪ್ ಬೆಳಕು ತಿನ್ನುತ್ತದೆ, 2ರದ್ದು ಎರಡು ಸ್ಟಾಪ್.

ನನ್ನ ತೀರ್ಪು ಕೇಳಿದರೆ, ಮೊದಲ ಟೆಲಿ 55–250 ಅಥವಾ 70–300, ನಡುಕ ತಡೆಯುವ ಎರಡಕ್ಷರ ಇರುವಂಥದ್ದು. ಒಂದು ವರ್ಷ ತಿರುಗಿ. ತೆಗೆದ ಚಿತ್ರಗಳಲ್ಲಿ ನಿಮಗೆ ಇಷ್ಟವಾದ ಐವತ್ತರ ಫೋಕಲ್ ಲೆಂತ್ ತೆರೆದು ನೋಡಿ, ಪ್ರತಿ ಫೈಲಿನಲ್ಲೂ ಅದು ದಾಖಲಾಗಿರುತ್ತದೆ. ಮುಕ್ಕಾಲು ಪಾಲು ತುದಿಗೇ ಮುಟ್ಟಿದ್ದರೆ, ಅವೂ ಹಕ್ಕಿಗಳೇ ಆಗಿದ್ದರೆ, ಆಗ 100–400 ನೋಡಿ. ಮಾಗಡಿ, ರಾಣೆಬೆನ್ನೂರುಗಳಿಗೆ ಪ್ರತಿ ಚಳಿಗಾಲ ಹೋಗುವವರು ಮಾತ್ರ 600ಕ್ಕೆ ಕೈ ಹಾಕಿ. ಯಾವ ಲೆನ್ಸ್ ಆದರೂ ಗೂಡಿನ ಹಕ್ಕಿಯನ್ನು ತೆಗೆಯಬೇಡಿ, ತಾಯಿ ಗೂಡು ಬಿಟ್ಟು ಏಳುವಂತೆ ಮಾಡಿ ಪಡೆದ ಚಿತ್ರ ನಮಗೆ ಬೇಡ.

ಪಕ್ಕದ ಮನೆಯ ಹುಡುಗ ಬಸ್ಸಿನ ಬೋರ್ಡಿನ ಪರೀಕ್ಷೆ ಮಾಡಿ, ಹತ್ತರಲ್ಲಿ ಏಳು ಪಾಸು ಮಾಡಿದ ಒಂದು ಹಳೆಯ 70–300 ತಂದಿದ್ದಾನೆ. ನೀವೂ ಕೊಳ್ಳುವುದಾದರೆ ದೀಪಾವಳಿಯೊಳಗೆ ಕೊಂಡು ತೋಳನಕೆರೆಯಲ್ಲಿ, ಉಣಕಲ್ಲಿನಲ್ಲಿ ಕೈ ಪಳಗಿಸಿಕೊಳ್ಳಿ. ಬಿಲ್ಲಿನ ಮೇಲೆ ಲೆನ್ಸಿನ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಮಾಗಡಿಗೆ ಹೆಬ್ಬಾತುಗಳು ನವೆಂಬರ್ ಹೊತ್ತಿಗೆ ಬರತೊಡಗುತ್ತವೆ, ಮಾರ್ಚ್ ಬಂತೆಂದರೆ ಹೊರಟುಬಿಡುತ್ತವೆ.